ಕೈಜಾರಿ ಬಿತ್ತಾ ಅಪ್ಪನ ಕಾಲದ ಫಿಲಂ ಕ್ಯಾಮೆರಾ? ರಿಪೇರಿಗೆ ಕೊಡೋ ಮುನ್ನ ಇದನ್ನು ಓದಿ

ಶಿವಮೊಗ್ಗ: ಆಯುಧ ಪೂಜೆ ಬಂತೆಂದರೆ ಅಟ್ಟದ ಮೇಲಿನ ಎಷ್ಟೋ ಸಾಮಾನು ಕೆಳಗಿಳಿಯುತ್ತವೆ. ಹಾರೆ, ಗುದ್ದಲಿ, ಕತ್ತಿ, ಹೊಲಿಗೆ ಮಷೀನು. ಕೆಲವು ಮನೆಗಳಲ್ಲಿ ಇವುಗಳ ಜೊತೆಗೆ ಅಪ್ಪನದೋ ಅಜ್ಜನದೋ ಒಂದು ಹಳೇ ಕ್ಯಾಮೆರಾ. ಒರೆಸಿ, ಕುಂಕುಮ ಹಚ್ಚಿ, ಸೇವಂತಿಗೆ ಇಡುವ ಗಡಿಬಿಡಿಯಲ್ಲಿ ಒಣಗಿ ಹೋಗಿದ್ದ ಚರ್ಮದ ಬೆಲ್ಟ್ ಪಟ್ ಅಂತ ತುಂಡಾಗುತ್ತೆ. ಕ್ಯಾಮೆರಾ ಗಾರೆ ನೆಲಕ್ಕೆ ಬೀಳುತ್ತೆ.

‘ಹೋಗ್ಲಿ ಬಿಡು, ಈಗ ಯಾರು ಫಿಲಂ ಹಾಕ್ತಾರೆ’ ಅಂತ ಒಬ್ಬರು ಸಮಾಧಾನ ಹೇಳಬಹುದು. ಆದರೆ ಮನೆಯ ಆಲ್ಬಂನಲ್ಲಿರುವ ಮದುವೆ, ನಾಮಕರಣ, ಜಾತ್ರೆ, ಈಗಿಲ್ಲದ ಅಜ್ಜಿಯ ನಗು, ಎಲ್ಲವನ್ನೂ ಹಿಡಿದದ್ದು ಅದೇ ಕ್ಯಾಮೆರಾ. ಅದಕ್ಕೇ ಮನಸ್ಸು ಒಪ್ಪೋದಿಲ್ಲ.

ಸಮಾಧಾನದ ಸಂಗತಿ ಏನೆಂದರೆ, ಹಳೇ ಕಾಲದ ಮೆಕ್ಯಾನಿಕಲ್ ಕ್ಯಾಮೆರಾಗಳು ಬಿದ್ದ ಮಾತ್ರಕ್ಕೆ ಸಾಯೋದಿಲ್ಲ. ಹಿತ್ತಾಳೆ, ಸ್ಟೀಲ್, ಗಾಜಿನಿಂದ ಮಾಡಿದ, ಬಿಚ್ಚಿ ಜೋಡಿಸಬಹುದಾದ ಯಂತ್ರಗಳಿವು. ಎಷ್ಟೋ ಸಲ ಬಿದ್ದ ಏಟಿಗಿಂತ, ಬಿದ್ದ ಮೇಲೆ ಅವಸರದಲ್ಲಿ ಮಾಡುವ ಎಡವಟ್ಟಿನಿಂದಲೇ ಹೆಚ್ಚು ನಷ್ಟ. ಹಾಗಾದ್ರೆ ಏನು ಮಾಡಬೇಕು, ಏನು ಮಾಡಬಾರದು? ಇಲ್ಲಿದೆ ವಿವರ.

ಮೊದಲ ಮಾತು: ಹಿಂದಿನ ಬಾಗಿಲು ತೆಗೀಬೇಡಿ

ಕ್ಯಾಮೆರಾ ಬಿದ್ದ ಕೂಡಲೇ ಬಹಳಷ್ಟು ಜನ ಮಾಡೋದು ಒಂದೇ ಕೆಲಸ. ‘ಒಳಗೇನಾಯ್ತು ನೋಡೋಣ’ ಅಂತ ಹಿಂದಿನ ಬಾಗಿಲು ತೆಗೆಯೋದು. ಇದು ದೊಡ್ಡ ತಪ್ಪು. ಹತ್ತಿಪ್ಪತ್ತು ವರ್ಷದಿಂದ ಮೂಲೆಯಲ್ಲಿದ್ದ ಕ್ಯಾಮೆರಾದ ಒಳಗೆ ಅರ್ಧ ಮುಗಿದ ಫಿಲಂ ರೋಲ್ ಉಳಿದಿರುವ ಸಾಧ್ಯತೆ ಇರುತ್ತೆ. ಕ್ಯಾಮೆರಾ ರಿಪೇರಿ ಆಗಬಹುದು, ಇಲ್ಲವೇ ಅಂಥದ್ದೇ ಇನ್ನೊಂದು ಸಿಗಬಹುದು. ಆ ರೋಲ್‌ನಲ್ಲಿರುವ ಚಿತ್ರ ಮಾತ್ರ ಬೆಳಕು ಬಿದ್ದರೆ ಹೋದಂತೆಯೇ.

ಫಿಲಂ ಇದೆಯಾ ಇಲ್ಲವಾ ಅಂತ ತಿಳಿಯೋದು ಹೇಗೆ? 35 ಎಂಎಂ ರೋಲ್ ಹಾಕುವ ಕ್ಯಾಮೆರಾ ಆದರೆ, ಮೇಲ್ಭಾಗದ ಎಡಗಡೆ ಫಿಲಂ ಹಿಂದಕ್ಕೆ ಸುತ್ತುವ ಸಣ್ಣ ಹಿಡಿಕೆ ಇರುತ್ತೆ. ಬಾಣದ ಗುರುತಿನ ದಿಕ್ಕಿಗೆ ಅದನ್ನು ಮೆಲ್ಲಗೆ ತಿರುಗಿಸಿ. ಸುಮ್ಮನೆ ತಿರುಗುತ್ತಲೇ ಇದ್ದರೆ ಬಹುತೇಕ ಖಾಲಿ. ಸ್ವಲ್ಪ ತಿರುಗಿ ಬಿಗಿಯಾಗಿ ನಿಂತರೆ ಒಳಗೆ ಫಿಲಂ ಇದೆ. ನಿಂತ ಮೇಲೆ ಬಲ ಹಾಕಬೇಡಿ.

ಅಗ್ಫಾ ಕ್ಲಿಕ್-3 ತರಹದ ಡಬ್ಬಿ ಕ್ಯಾಮೆರಾಗಳಿಗೆ 120 ರೋಲ್ ಹಾಕ್ತಾರೆ. ಅದರ ಹಿಂಬದಿಯ ಕೆಂಪು ಕಿಟಕಿಯಲ್ಲಿ ಕಾಗದವೋ ನಂಬರೋ ಕಂಡರೆ ರೋಲ್ ಇದೆ ಅಂತಲೇ ಅರ್ಥ. ಸ್ಟುಡಿಯೋದವರು ಬಳಸುತ್ತಿದ್ದ ಎರಡು ಲೆನ್ಸಿನ ಯಾಶಿಕಾ ಮ್ಯಾಟ್-124ಜಿಯಲ್ಲಿ ಅಂಥ ಕಿಟಕಿ ಇಲ್ಲ. ಅನುಮಾನ ಇದ್ದರೆ ಫಿಲಂ ಇದೆ ಅಂತಲೇ ತಿಳಿದುಕೊಳ್ಳೋದು ಒಳ್ಳೇದು.

ಬಿದ್ದ ರಭಸಕ್ಕೆ ಬಾಗಿಲು ತಾನಾಗಿಯೇ ತೆರೆದುಕೊಂಡಿದ್ದರೆ? ತಕ್ಷಣ ಮುಚ್ಚಿ, ಮೇಲೊಂದು ಟೇಪ್ ಅಂಟಿಸಿ. ಫಿಲಂ ಸುರುಳಿಯಾಗಿ ಸುತ್ತಿಕೊಂಡಿರುವುದರಿಂದ ಬೆಳಕು ಮೊದಲು ಸುಡೋದು ಹೊರಸುತ್ತನ್ನು. ಒಳಸುತ್ತಿನ ಕೆಲವು ಚಿತ್ರಗಳಾದರೂ ಉಳಿಯಬಹುದು.

ಬಿದ್ದಾಗ ಒಳಗೆ ಏನಾಗುತ್ತೆ?

ಯಾವ ಮೂಲೆ ನೆಲಕ್ಕೆ ತಾಗಿತು ಅನ್ನೋದರ ಮೇಲೆ ಎಲ್ಲವೂ ನಿಂತಿದೆ. ನೋಡಿದವರಿದ್ದರೆ ಕೇಳಿ ಬರೆದಿಟ್ಟುಕೊಳ್ಳಿ. ಮೆಕ್ಯಾನಿಕ್‌ಗೆ ಈ ಮಾಹಿತಿ ಬಹಳ ಉಪಯೋಗಕ್ಕೆ ಬರುತ್ತೆ.

*ಮುಖ ಅಡಿಯಾಗಿ ಬಿದ್ದರೆ:* ಮೊದಲ ಏಟು ಲೆನ್ಸಿನ ಮುಂದಿನ ಉಂಗುರಕ್ಕೆ. ಗಾಜು ಒಡೆದಂತೆ ಕಂಡರೂ ಗಾಬರಿ ಬೇಡ. ಎಷ್ಟೋ ಸಲ ಒಡೆದಿರೋದು ಲೆನ್ಸಲ್ಲ, ಅದರ ಮೇಲೆ ಹಾಕಿದ್ದ ಫಿಲ್ಟರ್. ಉಂಗುರ ಸೊಟ್ಟಗಾಗಿ ಫಿಲ್ಟರ್ ಕಚ್ಚಿಕೊಂಡಿದ್ದರೆ ಇಕ್ಕಳದಿಂದ ತಿರುಚಬೇಡಿ. ಸೊಟ್ಟ ಉಂಗುರವನ್ನು ಮತ್ತೆ ಗುಂಡಗೆ ಮಾಡುವ ಸಾಧನ ಮೆಕ್ಯಾನಿಕ್‌ಗಳ ಹತ್ತಿರ ಇರುತ್ತೆ. ಗಾಜಿನ ಪುಡಿ ಇದ್ದರೆ ಬಟ್ಟೆಯಿಂದ ಒರೆಸಲೂಬಾರದು, ಲೆನ್ಸ್ ಮೇಲೆ ಗೀರು ಬೀಳುತ್ತೆ. ಕ್ಯಾಮೆರಾ ಮುಖವನ್ನು ಕೆಳಗೆ ಮಾಡಿ ಹಿಡಿದು, ರಬ್ಬರ್ ಬ್ಲೋವರ್‌ನಿಂದ ಗಾಳಿ ಊದಿ ಉದುರಿಸಬೇಕು.

*ತಲೆಕೆಳಗಾಗಿ ಬಿದ್ದರೆ:* ಮೇಲಿನ ತಗಡು ತಗ್ಗಾಗುತ್ತೆ. ಪೆಂಟಾಕ್ಸ್ ಕೆ1000, ಜೆನಿಟ್ ತರಹದ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಆ ಗೂಡಿನ ಕೆಳಗೆ ಗಾಜಿನ ಪ್ರಿಸಂ ಇದೆ. ಅದು ಬಿರುಕು ಬಿಟ್ಟರೆ ಇಣುಕಿ ನೋಡಿದಾಗ ಅಡ್ಡಗೆರೆ ಕಾಣಿಸುತ್ತೆ. ಅದರಿಂದ ಫೋಟೋಗೆ ತೊಂದರೆಯಿಲ್ಲ, ಯಾಕೆಂದರೆ ಬೆಳಕು ಫಿಲಂಗೆ ಹೋಗೋದು ಪ್ರಿಸಂ ಮೂಲಕ ಅಲ್ಲ. ತಗಡು ತಗ್ಗಾಗಿ ಶಟರ್ ಸ್ಪೀಡ್ ಬದಲಿಸುವ ಗುಂಡಿಯೋ ಫಿಲಂ ಎಳೆಯುವ ಲಿವರೋ ಸಿಕ್ಕಿಹಾಕಿಕೊಂಡಿದ್ದರೆ ಮಾತ್ರ ಬಿಚ್ಚಿ ಸರಿಮಾಡಲೇಬೇಕು.

*ಎರಡು ಲೆನ್ಸಿನ ಕ್ಯಾಮೆರಾ ಬಿದ್ದರೆ:* ಯಾಶಿಕಾ ಮ್ಯಾಟ್‌ನಂಥದ್ದರಲ್ಲಿ ಮೇಲಿನ ಲೆನ್ಸ್ ನೋಡೋದಕ್ಕೆ, ಕೆಳಗಿನದು ಚಿತ್ರ ತೆಗೆಯೋದಕ್ಕೆ. ಎರಡೂ ಒಂದೇ ಫಲಕದ ಮೇಲೆ ಕೂತು ಒಟ್ಟಿಗೆ ಮುಂದೆ ಹಿಂದೆ ಸರಿಯುತ್ತವೆ. ಬಿದ್ದ ಏಟಿಗೆ ಆ ಫಲಕ ಕೂದಲೆಳೆಯಷ್ಟು ವಾಲಿದರೂ ಸಾಕು, ಚಿತ್ರದ ಒಂದು ಬದಿ ಸ್ಪಷ್ಟ, ಇನ್ನೊಂದು ಬದಿ ಮಸುಕು. ಹೊರಗಿನಿಂದ ನೋಡಿದರೆ ಏನೂ ಆಗಿಲ್ಲ ಅನಿಸೋದು ಇದರ ಮೋಸ.

*ರೇಂಜ್‌ಫೈಂಡರ್ ಕ್ಯಾಮೆರಾ ಆದರೆ:* ಯಾಶಿಕಾ ಎಲೆಕ್ಟ್ರೋ-35ರಂಥ ಕ್ಯಾಮೆರಾದಲ್ಲಿ ಎರಡು ಬಿಂಬ ಒಂದಾದಾಗ ಫೋಕಸ್ ಆಯ್ತು ಅಂತ ಲೆಕ್ಕ. ಬಿದ್ದಾಗ ಒಳಗಿನ ಪುಟ್ಟ ಕನ್ನಡಿ ಅಲುಗಿ ಈ ಬಿಂಬಗಳು ಮೇಲೆ ಕೆಳಗೆ ಅಥವಾ ಅಕ್ಕಪಕ್ಕ ಜಾರುತ್ತವೆ. ಕನ್ನಡಿ ಒಡೆಯದೆ ಬರೀ ಅಲುಗಿದ್ದರೆ ಸ್ಕ್ರೂ ತಿರುಗಿಸಿ ಹೊಂದಿಸುವ ಕೆಲಸ ಅಷ್ಟೆ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಒಳಗೆ ಫಿಲಂ ಇಲ್ಲ ಅಂತ ಖಾತ್ರಿಯಾದ ಮೇಲೆ ಮಾತ್ರ ಇವನ್ನು ಮಾಡಬೇಕು. ರಿಪೇರಿಯವರ ಮುಂದೆ ‘ಏನೋ ಆಗಿದೆ’ ಅನ್ನೋದಕ್ಕಿಂತ ‘ಇದಿಂಥದ್ದು ಕೆಲಸ ಮಾಡ್ತಿಲ್ಲ’ ಅಂದರೆ ಖರ್ಚಿನ ಅಂದಾಜು ಸರಿಯಾಗಿ ಸಿಗುತ್ತೆ.

1. ಕಿವಿ ಹತ್ತಿರ ಹಿಡಿದು ಮೆಲ್ಲಗೆ ಓಲಾಡಿಸಿ. ಗಲಗಲ ಸದ್ದು ಬಂದರೆ ಸ್ಕ್ರೂ ಅಥವಾ ಬಿಡಿಭಾಗ ಕಳಚಿದೆ. ಹಾಗಿದ್ದರೆ ಇಲ್ಲಿಗೇ ನಿಲ್ಲಿಸಿ. ಲಿವರ್ ಎಳೆದರೆ ಆ ಚೂರು ಗಿಯರ್‌ಗೆ ಸಿಕ್ಕಿ ಇನ್ನಷ್ಟು ಕೆಡಿಸುತ್ತೆ.

2. ಸದ್ದಿಲ್ಲದಿದ್ದರೆ ಹಿಂದಿನ ಬಾಗಿಲು ತೆರೆದು, ಲಿವರ್ ಎಳೆದು, ಒಂದೊಂದೇ ಸ್ಪೀಡ್‌ನಲ್ಲಿ ಶಟರ್ ಒತ್ತಿ ನೋಡಿ. 1 ಸೆಕೆಂಡಿಗೂ 1/60ಕ್ಕೂ ಸದ್ದಿನಲ್ಲೇ ವ್ಯತ್ಯಾಸ ತಿಳಿಯಬೇಕು. ಲಿವರ್ ಬಿಗಿಯಾದರೆ ಒತ್ತಾಯ ಮಾಡಬೇಡಿ.

3. ಲೆನ್ಸಿನ ಅಪರ್ಚರ್ ಉಂಗುರ ತಿರುಗಿಸಿ. ಒಳಗಿನ ಎಲೆಗಳು ಸಲೀಸಾಗಿ ಕಿರಿದಾಗಿ ಹಿರಿದಾಗಬೇಕು. ಎಸ್‌ಎಲ್‌ಆರ್‌ಗಳಲ್ಲಿ ಶಟರ್ ಒತ್ತಿದಾಗ ಮಾತ್ರ ಎಲೆಗಳು ಮುಚ್ಚಿಕೊಳ್ಳುತ್ತವೆ. ಎಲೆಗಳ ಮೇಲೆ ಎಣ್ಣೆಪಸೆ ಕಂಡರೆ ನೆನಪಿಟ್ಟುಕೊಳ್ಳಿ.

4. ಇನ್ನು ಫೋಕಸ್ ಪರೀಕ್ಷೆ. ಫಿಲಂ ಹಾದುಹೋಗುವ ಜಾಗದಲ್ಲಿ ಟ್ರೇಸಿಂಗ್ ಪೇಪರ್ ತುಂಡೊಂದನ್ನು ಬಿಗಿಯಾಗಿ ಅಂಟಿಸಿ. ಶಟರ್ ಅನ್ನು ‘ಬಿ’ಗೆ ಇಟ್ಟು, ಅಪರ್ಚರ್ ಪೂರ್ತಿ ತೆರೆದು, ಗುಂಡಿ ಒತ್ತಿ ಹಿಡಿಯಿರಿ. ಫೋಕಸ್ ಕೊನೆಯ ಗುರುತಿಗೆ ಇರಲಿ. ದೂರದ ತೆಂಗಿನ ಮರವೋ ಮೊಬೈಲ್ ಟವರೋ ಪೇಪರ್ ಮೇಲೆ ತಲೆಕೆಳಗಾಗಿ ಮೂಡುತ್ತೆ. ಎಡ, ಬಲ, ನಡುವೆ ಮೂರೂ ಕಡೆ ಸ್ಪಷ್ಟವಾಗಿದ್ದರೆ ಲೆನ್ಸ್ ನೆಟ್ಟಗಿದೆ. ಒಂದು ಬದಿ ಮಾತ್ರ ಮಸುಕಾದರೆ ವಾಲಿದೆ ಅಂತ ಅರ್ಥ.

ಬಿದ್ದದ್ದಕ್ಕೇ ಕೆಟ್ಟಿದ್ದಾ, ಮೊದಲೇ ಕೆಟ್ಟಿತ್ತಾ?

ಎಷ್ಟೋ ದೋಷಗಳಿಗೆ ಕಾರಣ ಬಿದ್ದದ್ದಲ್ಲ, ವಯಸ್ಸು. ಬಾಗಿಲಿನ ಅಂಚಿನಲ್ಲಿ ಬೆಳಕು ತಡೆಯಲು ಹಾಕಿದ ಸ್ಪಂಜು ಕರಗಿ ಟಾರಿನಂತಾಗಿರುತ್ತೆ. ಹಳೇ ಗ್ರೀಸ್ ಗಟ್ಟಿಯಾಗಿ ನಿಧಾನದ ಸ್ಪೀಡ್‌ಗಳು ಅರ್ಧಕ್ಕೇ ನಿಲ್ಲುತ್ತವೆ. ಲೆನ್ಸಿನೊಳಗೆ ಜೇಡರಬಲೆಯಂಥ ಫಂಗಸ್ ಇರುತ್ತೆ, ಮಳೆನಾಡಿನಲ್ಲಂತೂ ಇದು ಮಾಮೂಲು.

ಬೆಳಕಿನ ಮೀಟರ್ ಕೆಲಸ ಮಾಡದಿರಲು ಬ್ಯಾಟರಿಯೂ ಕಾರಣವಿರಬಹುದು. 124ಜಿಯಂಥ ಕ್ಯಾಮೆರಾಗಳಿಗೆ ಬೇಕಾದದ್ದು 1.35 ವೋಲ್ಟಿನ ಪಾದರಸದ ಸೆಲ್. ಪಾದರಸ ವಿಷ ಅನ್ನುವ ಕಾರಣಕ್ಕೆ ಅದರ ತಯಾರಿಕೆ ನಿಂತಿದೆ. ಶ್ರವಣ ಸಾಧನದ ಅಂಗಡಿಯಲ್ಲಿ ಸಿಗುವ 675 ನಂಬರಿನ ಸೆಲ್ ಸುಮಾರು 1.4 ವೋಲ್ಟ್ ಕೊಡುತ್ತೆ. ಗಾತ್ರ ಹೊಂದಿಸಲು ಒಂದು ಉಂಗುರ ಹಾಕಿದರೆ ಕೆಲಸ ನಡೆಯುತ್ತೆ. ಮೀಟರ್ ಸತ್ತರೂ ಇಂಥ ಕ್ಯಾಮೆರಾಗಳ ಶಟರ್ ಬ್ಯಾಟರಿ ಇಲ್ಲದೆಯೇ ಓಡುತ್ತೆ. ಪೆಂಟಾಕ್ಸ್ ಕೆ1000 ಕೂಡ ಹಾಗೆಯೇ, ಬ್ಯಾಟರಿ ಬರೀ ಮೀಟರ್‌ಗೆ.

ಈ ವ್ಯತ್ಯಾಸ ಗೊತ್ತಿದ್ದರೆ ‘ಬಿದ್ದ ರಿಪೇರಿ’ ಎಷ್ಟು, ‘ಸರ್ವಿಸ್’ ಎಷ್ಟು ಅಂತ ಬೇರೆ ಬೇರೆ ಕೇಳಬಹುದು. ಎರಡನ್ನೂ ಒಟ್ಟಿಗೆ ಮಾಡಿಸೋದು ಲಾಭ, ಯಾಕೆಂದರೆ ಹೇಗೂ ಪೂರ್ತಿ ಬಿಚ್ಚಬೇಕು.

ಇವನ್ನು ಮಾಡ್ಲೇಬೇಡಿ

* ಹೊಲಿಗೆ ಮಷೀನಿನ ಎಣ್ಣೆ, ಕೊಬ್ಬರಿ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಯಾವುದೂ ಬೇಡ. ಎಣ್ಣೆ ಹರಿದು ಶಟರ್ ಎಲೆಗಳ ಮಧ್ಯೆ ಸೇರಿದರೆ ಅವು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

* ಫೆವಿಕ್ವಿಕ್ ತರಹದ ಅಂಟು ಹಾಕಬೇಡಿ. ಅದರ ಆವಿ ಹತ್ತಿರದ ಗಾಜಿನ ಮೇಲೆ ಬಿಳಿಪೊರೆಯಾಗಿ ಕೂರುತ್ತೆ.

* ಮನೆಯ ಸ್ಕ್ರೂಡ್ರೈವರ್‌ನಿಂದ ಬಿಚ್ಚಬೇಡಿ. ಜಪಾನಿ ಕ್ಯಾಮೆರಾಗಳ ಪ್ಲಸ್ ಸ್ಕ್ರೂಗಳಿಗೆ ಜೆಐಎಸ್ ಅನ್ನುವ ಬೇರೆಯೇ ಅಳತೆಯ ಸ್ಕ್ರೂಡ್ರೈವರ್ ಬೇಕು. ಮಾಮೂಲಿಯದು ಹಾಕಿದರೆ ತಲೆ ಸವೆದು ಮುಂದೆ ಯಾರಿಗೂ ಬಿಚ್ಚೋಕಾಗಲ್ಲ.

* ಒಳಗೇ ಫ್ಲ್ಯಾಶ್ ಇರುವ ಕ್ಯಾಮೆರಾವನ್ನಂತೂ ಬಿಚ್ಚಲೇಬಾರದು. ಫ್ಲ್ಯಾಶ್‌ನ ಕೆಪಾಸಿಟರ್‌ನಲ್ಲಿ 300 ವೋಲ್ಟ್ ಆಸುಪಾಸಿನ ವಿದ್ಯುತ್ ಸಂಗ್ರಹವಾಗುತ್ತೆ. ಬ್ಯಾಟರಿ ತೆಗೆದ ಮೇಲೂ ಅದು ಉಳಿದಿದ್ದು ಶಾಕ್ ಹೊಡೆಯಬಹುದು.

ರಿಪೇರಿ ಎಲ್ಲಿ? ಹೇಗೆ ಕೊಡೋದು?

ತಾಲ್ಲೂಕು ಕೇಂದ್ರದಲ್ಲಿ ಫಿಲಂ ಕ್ಯಾಮೆರಾ ರಿಪೇರಿ ಅಂತ ಬೋರ್ಡು ಹುಡುಕಿದರೆ ಸಿಗೋದು ಕಷ್ಟ. ಸುಲಭದ ದಾರಿ ಎಂದರೆ ಊರಿನ ಹಳೇ ಸ್ಟುಡಿಯೋ. ಈಗ ಡಿಜಿಟಲ್‌ನಲ್ಲಿ ಮದುವೆ ಫೋಟೋ ತೆಗೆಯುತ್ತಿದ್ದರೂ, ಫಿಲಂ ಕಾಲ ಕಂಡ ಹಿರಿಯ ಫೋಟೋಗ್ರಾಫರ್‌ಗಳಿಗೆ ತಾವು ಆಗ ಯಾರ ಹತ್ತಿರ ರಿಪೇರಿ ಮಾಡಿಸುತ್ತಿದ್ದೆವು, ಅವರು ಈಗಲೂ ಕೂರ್ತಾರಾ ಅನ್ನೋದು ಗೊತ್ತಿರುತ್ತೆ. ಅಲ್ಲಿ ಆಗದಿದ್ದರೆ ಬೆಂಗಳೂರು. ಅದಕ್ಕೂ ಆಚೆ ಮುಂಬೈನ ಫೋರ್ಟ್, ದೆಹಲಿ ಚಾಂದನಿ ಚೌಕದ ಕೂಚಾ ಚೌಧರಿ ಕ್ಯಾಮೆರಾ ವ್ಯಾಪಾರಕ್ಕೆ ಹೆಸರಾದ ಜಾಗಗಳು.

ಕೊಡುವ ಮುನ್ನ ಇಷ್ಟು ಮಾಡಿ. ಕ್ಯಾಮೆರಾವನ್ನು ಎಲ್ಲ ಬದಿಯಿಂದ ಮೊಬೈಲ್‌ನಲ್ಲಿ ಫೋಟೋ ತೆಗೆದಿಡಿ. ಬಾಡಿ ಮತ್ತು ಲೆನ್ಸಿನ ಸೀರಿಯಲ್ ನಂಬರ್ ಬರೆದಿಟ್ಟುಕೊಳ್ಳಿ. ಬಿಚ್ಚುವ ಮೊದಲೇ ಅಂದಾಜು ಕೇಳಿ, ಅದಕ್ಕಿಂತ ಹೆಚ್ಚಾದರೆ ಫೋನ್ ಮಾಡಿ ಕೇಳಿದ ಮೇಲೆಯೇ ಮುಂದುವರಿಯಬೇಕು ಅಂತ ಚೀಟಿಯಲ್ಲಿ ಬರೆಸಿ. ಬದಲಿಸಿದ ಹಳೇ ಭಾಗಗಳನ್ನು ವಾಪಸ್ ಕೊಡಲು ಹೇಳಿ.

‘ಪಾರ್ಟ್ಸ್ ಸಿಗಲ್ಲ’ ಅನ್ನೋ ಉತ್ತರ ಬಂದರೆ ಅದು ಸುಳ್ಳಲ್ಲ. ಪೆಂಟಾಕ್ಸ್ ಕೆ1000 ತಯಾರಿಕೆ 1997ರಲ್ಲೇ ನಿಂತಿದೆ, ಯಾಶಿಕಾ ಮ್ಯಾಟ್ ಅದಕ್ಕೂ ಮೊದಲೇ. ಹೊಸ ಬಿಡಿಭಾಗ ಯಾರೂ ಮಾಡ್ತಿಲ್ಲ. ಹಾಗಾಗಿ ಅದೇ ಮಾಡೆಲ್‌ನ ಕೆಟ್ಟ ಕ್ಯಾಮೆರಾ ತಂದು ಅದರಿಂದ ಭಾಗ ತೆಗೆದು ಹಾಕೋದೇ ರೂಢಿ. ನೆಂಟರ ಮನೆಯಲ್ಲಿ ಅಂಥದ್ದೊಂದು ಸುಮ್ಮನೆ ಬಿದ್ದಿದ್ದರೆ ಕೇಳಿ ನೋಡಿ.

ಕೊರಿಯರ್ ಮಾಡುವುದಾದರೆ ಲೆನ್ಸ್ ಕಳಚಿ ಬೇರೆ ಸುತ್ತಿ, ಬ್ಯಾಟರಿ ತೆಗೆದು, ಪೆಟ್ಟಿಗೆಯೊಳಗೆ ಇನ್ನೊಂದು ಪೆಟ್ಟಿಗೆ ಇಟ್ಟು ನಡುವೆ ಮೆತ್ತಗಿನದನ್ನು ತುಂಬಿ. ಇನ್ಶೂರೆನ್ಸ್ ಸೌಲಭ್ಯ ಇದೆಯಾ ಅಂತ ಕೌಂಟರ್‌ನಲ್ಲಿ ಕೇಳಿ. ಬಸ್ಸಿನಲ್ಲಿ ಒಯ್ಯುವುದಾದರೆ ಲಗೇಜ್ ಡಿಕ್ಕಿಗೆ ಹಾಕಬೇಡಿ, ತೊಡೆಯ ಮೇಲೇ ಇರಲಿ.

ಒಳಗೆ ಸಿಕ್ಕ ಫಿಲಂ ಏನು ಮಾಡೋದು?

ಕ್ಯಾಮೆರಾ ರಿಪೇರಿಗೆ ಕೊಡುವ ಮೊದಲೇ ರೋಲ್ ಹೊರಬರಬೇಕು. 35 ಎಂಎಂ ಆದರೆ ತಳದ ಸಣ್ಣ ಗುಂಡಿ ಒತ್ತಿ, ಹಿಡಿಕೆ ತಿರುಗಿಸಿ ಫಿಲಂ ಪೂರ್ತಿ ಡಬ್ಬಿಯೊಳಗೆ ಸುತ್ತಿಕೊಂಡ ಮೇಲೆ ಬಾಗಿಲು ತೆಗೆಯಬಹುದು. 120 ಆದರೆ ಕೊನೆಯವರೆಗೂ ಮುಂದಕ್ಕೆ ಸುತ್ತಿ ತೆಗೆಯಬೇಕು. ಸುತ್ತೋದಕ್ಕೆ ಆಗದಿದ್ದರೆ ಪೂರ್ತಿ ಕತ್ತಲಲ್ಲಿ, ಕೈ ಸ್ಪರ್ಶದಲ್ಲೇ ತೆಗೆಯಬೇಕಾಗುತ್ತೆ. ರಾತ್ರಿ ಹೊತ್ತು, ಕಿಟಕಿಯಿಲ್ಲದ ಕೋಣೆ, ಬಾಗಿಲ ಸಂದಿಗೆ ಕಂಬಳಿ, ಮೊಬೈಲ್ ಹೊರಗೆ. ‘ಸ್ಟುಡಿಯೋದವರು ಕೆಂಪು ಬಲ್ಬ್ ಹಾಕ್ತಿದ್ರಲ್ಲ’ ಅಂತ ಅದನ್ನು ಹಚ್ಚಬೇಡಿ. ಆ ಕೆಂಪು ಬಲ್ಬು ಕಪ್ಪುಬಿಳುಪು ಪ್ರಿಂಟ್ ಹಾಕುವ ಕಾಗದಕ್ಕೆ ಮಾತ್ರ, ಫಿಲಂಗೆ ಅದೂ ಬೆಳಕೇ. ತೆಗೆದ ಫಿಲಂ ಬಿಗಿಯಾಗಿ ಸುತ್ತಿ, ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಎರಡು ಸುತ್ತು ಸುತ್ತಿ, ಡಬ್ಬಿಗೆ ಹಾಕಿ.

ಇನ್ನೊಂದು ಎಚ್ಚರಿಕೆ ಇದಕ್ಕಿಂತ ಮುಖ್ಯ. ರೋಲ್ ಯಾವ ಬಗೆಯದ್ದು ಅಂತ ಓದದೆ ಲ್ಯಾಬ್‌ಗೆ ಕೊಡಬೇಡಿ. ಡಬ್ಬಿಯ ಮೇಲೆ ‘ಸಿ-41’ ಅಂತ ಇದ್ದರೆ ಅದು ಮಾಮೂಲಿ ಕಲರ್ ನೆಗೆಟಿವ್ ವಿಧಾನ. ಆದರೆ ಹಳೇ ಕಪ್ಪುಬಿಳುಪು ರೋಲ್, ಉದಾಹರಣೆಗೆ ಊಟಿಯ ಹಿಂದೂಸ್ತಾನ್ ಫೋಟೋ ಫಿಲಂಸ್ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ‘ಇಂದು’ ಫಿಲಂ, ಕಲರ್ ಯಂತ್ರಕ್ಕೆ ಹೋದರೆ ಬ್ಲೀಚ್ ದ್ರಾವಣದಲ್ಲಿ ಬೆಳ್ಳಿಯ ಚಿತ್ರವೆಲ್ಲ ತೊಳೆದು ಹೋಗಿ ಖಾಲಿ ಪಟ್ಟಿ ಕೈಗೆ ಬರುತ್ತೆ. ಪೂರ್ವ ಜರ್ಮನಿಯ ಹಳೇ ಓರ್ವೊ ಕಲರ್ ರೋಲ್‌ಗಳ ವಿಧಾನವೂ ಬೇರೆ. ಕೊಡಾಕ್ರೋಮ್ ಸ್ಲೈಡ್ ಆದರೆ ಅದರ ಕಲರ್ ಸಂಸ್ಕರಣೆ 2010ರ ಕೊನೆಗೆ ಜಗತ್ತಿನಲ್ಲೇ ನಿಂತುಹೋಯಿತು. ಈಗ ಕಪ್ಪುಬಿಳುಪಾಗಿ ಮಾತ್ರ ತೊಳೆಯಬಹುದು. ಬಹಳ ಹಳೇ ಕಲರ್ ನೆಗೆಟಿವ್‌ಗಳನ್ನೂ ಕಪ್ಪುಬಿಳುಪಾಗಿ ತೊಳೆದರೆ ಏನಾದರೂ ಉಳಿಯುವ ಸಾಧ್ಯತೆ ಹೆಚ್ಚು.

ಆಸೆ ಸ್ವಲ್ಪ ಹದದಲ್ಲಿರಲಿ. ತೊಳೆಯದ ಫಿಲಂ ಮೇಲಿನ ಚಿತ್ರ ವರ್ಷ ಕಳೆದಂತೆ ಮಾಸುತ್ತೆ, ಬಿಸಿ ಮತ್ತು ತೇವ ಅದನ್ನು ಇನ್ನೂ ಬೇಗ ತಿನ್ನುತ್ತವೆ. ಮಂಜು ಮುಸುಕಿದಂಥ ಒಂದೆರಡು ಮುಖ ಸಿಕ್ಕರೂ ದೊಡ್ಡದು.

ಮಾಡಿಸೋದಾ, ಬೇಡವಾ?

ಉಂಗುರ ಸೊಟ್ಟ, ತಗಡು ತಗ್ಗು, ರೇಂಜ್‌ಫೈಂಡರ್ ಅಲುಗಿರೋದು, ಸ್ಪಂಜು ಬದಲಾವಣೆ: ಇವೆಲ್ಲ ಮಾಡಿಸಬಹುದಾದ ಕೆಲಸ. ಬಾಡಿಯ ಅಚ್ಚೇ ಬಿರುಕು ಬಿಟ್ಟಿದ್ದರೆ, ಲೆನ್ಸಿನ ಗಾಜೇ ಒಡೆದಿದ್ದರೆ ಅಥವಾ ಎಲೆಕ್ಟ್ರಾನಿಕ್ ಬೋರ್ಡು ಸತ್ತಿದ್ದರೆ ಇನ್ನೊಂದು ಕ್ಯಾಮೆರಾ ಕೊಳ್ಳೋದೇ ಅಗ್ಗವಾಗಬಹುದು. ಪ್ಲಾಸ್ಟಿಕ್ ಬಾಡಿಯ ಆಟೋಮ್ಯಾಟಿಕ್ ಕ್ಯಾಮೆರಾಗಳ ವಿಷಯದಲ್ಲಿ ಇದು ಇನ್ನೂ ನಿಜ.

ಹಾಗಂತ ಎಲ್ಲವನ್ನೂ ಮಾರುಕಟ್ಟೆ ಬೆಲೆಯಲ್ಲೇ ಅಳೆಯಬೇಕಿಲ್ಲ. ಮತ್ತೆ ಫಿಲಂ ಹಾಕುವ ಉದ್ದೇಶ ಇದ್ದರೆ ಪೂರ್ತಿ ಸರ್ವಿಸ್ ಮಾಡಿಸಿ. ಷೋಕೇಸ್‌ನಲ್ಲಿ ನೆನಪಿಗೆ ಇಡುವುದಷ್ಟೇ ಆದರೆ ಒಡೆದ ಗಾಜು ತೆಗೆಸಿ, ಸೋರಿದ ಬ್ಯಾಟರಿ ಸ್ವಚ್ಛ ಮಾಡಿಸಿ ಇಟ್ಟರೆ ಸಾಕು. ತಗಡಿನ ಮೇಲಿನ ತಗ್ಗು ಹಾಗೇ ಇದ್ದರೂ ನಡೆಯುತ್ತೆ.

ವಾಪಸ್ ಬಂದ ಮೇಲೆ

ಮದುವೆಗೋ ಪ್ರವಾಸಕ್ಕೋ ನೇರವಾಗಿ ಒಯ್ಯಬೇಡಿ. ಮೊದಲು ಒಂದು ರೋಲ್ ಪರೀಕ್ಷೆಗೆ ಅಂತಲೇ ಖರ್ಚು ಮಾಡಿ. ಹತ್ತಿರದ್ದು, ದೂರದ್ದು, ಬಿಸಿಲು, ನೆರಳು, ಬೇರೆ ಬೇರೆ ಸ್ಪೀಡ್ ಎಲ್ಲ ಇರಲಿ, ಯಾವ ಚಿತ್ರಕ್ಕೆ ಯಾವುದು ಅಂತ ಬರೆದಿಟ್ಟುಕೊಳ್ಳಿ. ದೋಷ ಕಂಡರೆ ಆ ನೆಗೆಟಿವ್ ಸಮೇತ ಮೆಕ್ಯಾನಿಕ್‌ಗೆ ತೋರಿಸಬಹುದು.

ಇನ್ನು ಇಡುವ ಜಾಗ. ತೀರ್ಥಹಳ್ಳಿ, ಹೊಸನಗರ, ಸಾಗರದ ಮಳೆಗಾಲದಲ್ಲಿ ಚರ್ಮದ ಕವರ್ ತೇವ ಹಿಡಿದು ಫಂಗಸ್‌ನ ತವರಾಗುತ್ತೆ. ಕವರ್ ಬೇರೆ, ಕ್ಯಾಮೆರಾ ಬೇರೆ ಇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಗೆ ಸಿಲಿಕಾ ಜೆಲ್ ಹಾಕಿ, ಅದರ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಿ. ಅಕ್ಕಿ ಡಬ್ಬಿಯಲ್ಲಿ ಇಡೋದು ಬೇಡ, ಅದರ ಹಿಟ್ಟು ಲೆನ್ಸಿನ ಸಂದಿಗೆ ಸೇರುತ್ತೆ. ಬ್ಯಾಟರಿ ತೆಗೆದಿಡಿ. ತಿಂಗಳಿಗೊಮ್ಮೆ ಎಲ್ಲ ಸ್ಪೀಡ್‌ನಲ್ಲೂ ಶಟರ್ ಓಡಿಸಿ.

ಮುಂದಿನ ಆಯುಧ ಪೂಜೆಗೆ ಎರಡು ಮಾತು ನೆನಪಿರಲಿ. ಹಳೇ ಚರ್ಮದ ಬೆಲ್ಟ್ ತೆಗೆದು ಗಟ್ಟಿಯಾದ ನೈಲಾನ್ ಬೆಲ್ಟ್ ಹಾಕಿಸಿ. ಕುಂಕುಮವನ್ನು ಕ್ಯಾಮೆರಾದ ಮೇಲಲ್ಲ, ಅದರ ಕವರ್ ಮೇಲೆ ಹಚ್ಚಿ. ಕ್ಯಾಮೆರಾಗೂ ಕ್ಷೇಮ, ಪೂಜೆಗೂ ಕೊರತೆಯಿಲ್ಲ.